ಗಾಡಿಗೆ ಮೊದಲ ಮಳೆಗಾಲ

ಶಿವಮೊಗ್ಗ
ಮೇ 18

ಚಿ. ಸುಮಂತನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಗಾಡಿ ತಗೊಂಡ ಸುದ್ದಿ ಅಕ್ಕ ಹೇಳಿದಳು. ನಾಲ್ಕು ವರ್ಷದ ಡೀಸೆಲ್ ಎಸ್‌ಯುವಿ, 52 ಸಾವಿರ ಕಿಲೋಮೀಟರ್, ಇಷ್ಟು ದಿನ ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಒಣಗಿಕೊಂಡು ನಿಂತಿದ್ದದ್ದು. ಈಗ ಅದು ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಬಂದಿದೆ, ಮಳೆಗೆ ಇನ್ನು ಮೂರೇ ವಾರ. ಅದಕ್ಕೇ ಈ ಕಾಗದ.

ಸರ್ವೀಸ್ ಪುಸ್ತಕದಲ್ಲಿ 10 ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಅಂತ ಬರೆದಿರುತ್ತದೆ. ಬರೆದವನು ನಮ್ಮ ಜಡಿಮಳೆ ನೋಡಿರಲಿಕ್ಕಿಲ್ಲ. ನಮ್ಮಲ್ಲಿ ಗಾಡಿ ಓಡಿ ಸವೆಯುವುದು ಕಡಿಮೆ. ನೆನೆದು, ಕೆಸರು ಮೆತ್ತಿಕೊಂಡು, ನಿಂತಲ್ಲೇ ನಿಂತು ಹಾಳಾಗುವುದೇ ಹೆಚ್ಚು. ಹಾಗಾಗಿ ವರ್ಷಕ್ಕೆ ಎರಡು ಸಲ ಮೈಮುಟ್ಟಿ ನೋಡು. ಮೃಗಶಿರಾ ಹಿಡಿಯುವ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ. ಆಯಿಲ್ ಬದಲಿಸುವ ಲೆಕ್ಕ ಅದರ ಪಾಡಿಗೆ ಅದು ನಡೆಯಲಿ.

ಮೊದಲು ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಜರಡಿಯ ವಿಷಯ, ಯಾಕೆಂದರೆ ನೀನು ಓಡಿಸುವ ರೀತಿಗೆ ಮೊದಲು ಕೈಕೊಡುವುದು ಅದೇ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಈ ಜರಡಿ ಕೂತಿರುತ್ತದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು, ಕಾವು ಸುಮಾರು 600 ಡಿಗ್ರಿಗೆ ಏರಿದಾಗ ಸುಟ್ಟುಕೊಳ್ಳುತ್ತದೆ. ಮನೆಯಿಂದ ಪೇಟೆಗೆ ಆರು ಕಿಲೋಮೀಟರ್ ಹೋಗಿ, ಹಾಲು ತರಕಾರಿ ತಗೊಂಡು ವಾಪಸ್ ಬಂದರೆ ಆ ಕಾವು ಬರುವುದೇ ಇಲ್ಲ. ಮಸಿ ತುಂಬುತ್ತಾ ಹೋಗುತ್ತದೆ. ಒಂದು ಹಂತಕ್ಕೆ ಬಂದಾಗ ಇಂಜಿನ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಸುಡಲು ಶುರುಮಾಡುತ್ತದೆ. ಅಷ್ಟರಲ್ಲಿ ನೀನು ಮನೆ ಮುಟ್ಟಿ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತಿತು.

ಸುಡುತ್ತಿದೆ ಅಂತ ತಿಳಿಯುವುದು ಹೀಗೆ: ನಿಂತಾಗ ಇಂಜಿನ್ ಎಂದಿಗಿಂತ ತುಸು ಜೋರಾಗಿ ತಿರುಗುತ್ತದೆ, ಮೀಟರಿನಲ್ಲಿ ಮೈಲೇಜ್ ಇಳಿದಿರುತ್ತದೆ, ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ಓಡುತ್ತದೆ, ಕಾದ ಲೋಹದ ವಾಸನೆ ಬರುತ್ತದೆ. ಇಂಥದ್ದು ಕಂಡರೆ ಆಫ್ ಮಾಡಬೇಡ, ಇನ್ನೊಂದು 15–20 ನಿಮಿಷ ಓಡಿಸಿಕೊಂಡು ಬಾ. ಆಗ ಗಾಡಿಯ ಅಡಿಭಾಗ ಕೆಂಡದಂತಿರುತ್ತದೆ. ಅಡಿಕೆ ಸಿಪ್ಪೆ ರಾಶಿಯ ಮೇಲೋ ಒಣ ತರಗೆಲೆಯ ಮೇಲೋ ನಿಲ್ಲಿಸಬೇಡ, ಬೆಂಕಿ ಹತ್ತುತ್ತದೆ.

ವಾರಕ್ಕೊಮ್ಮೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅರ್ಧ ಗಂಟೆ ಬಿಡದೆ ಓಡಿಸು. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬಂದರೆ ಸಾಕು, ಅತ್ತೆಗೂ ಖುಷಿ. ಇದಕ್ಕೆ ವೇಗವೇ ಬೇಕು ಅಂತಿಲ್ಲ. ಐದನೇ ಗೇರಿನಲ್ಲಿ ತೆವಳುವ ಬದಲು ಒಂದು ಗೇರ್ ಇಳಿಸಿ 2,000 ಆರ್‌ಪಿಎಂ ಆಸುಪಾಸು ಇಟ್ಟುಕೋ. ಡಿಪಿಎಫ್ ಲೈಟ್ ಹತ್ತಿದರೆ ಅವತ್ತೇ ಹೀಗೆ ಓಡಿಸು. ಲೈಟ್ ಮಿನುಗಲು ಶುರುವಾಗಿ ಗಾಡಿ ಎಳೆಯದಿದ್ದರೆ ರಸ್ತೆಯಲ್ಲಿ ಸುಡಿಸುವ ಹಂತ ದಾಟಿದೆ, ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿಯೇ ಸುಡಿಸಬೇಕು. ಯಾರಾದರೂ “ಡಿಪಿಎಫ್ ತೆಗೆದೇ ಬಿಡೋಣ” ಅಂದರೆ ಅಲ್ಲಿಂದ ಎದ್ದು ಬಾ. ಅದು ಕಾನೂನಿಗೆ ವಿರುದ್ಧ.

ಇದಕ್ಕೂ ಇಂಜಿನ್ ಆಯಿಲ್‌ಗೂ ನಂಟಿದೆ. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಹೆಚ್ಚು ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆಯಗುಂಟ ಇಳಿದು ಆಯಿಲ್ ಸೇರುತ್ತದೆ. ಎರಡು ವಾರಕ್ಕೊಮ್ಮೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆ, ಒರೆಸಿ ಮತ್ತೆ ಹಾಕಿ ನೋಡು. ಆಯಿಲ್ ಕಡಿಮೆಯಾದರೆ ಎಲ್ಲರಿಗೂ ಗಾಬರಿ, ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಮೇಲಿನ ಗೆರೆ ದಾಟಿ ಏರಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಕಿಲೋಮೀಟರ್ ಎಷ್ಟೇ ಆಗಿರಲಿ, ಬದಲಿಸಿಬಿಡು. ತೆಳುವಾದ ಆಯಿಲ್ ಟರ್ಬೊ ಬೇರಿಂಗನ್ನು ತಿನ್ನುತ್ತದೆ. ಹಾಕುವಾಗ ಡಬ್ಬಿಯ ಮೇಲೆ 5ಡಬ್ಲ್ಯೂ-30 ಅಂತ ಇದ್ದರೆ ಸಾಲದು, ಅದು ಆಯಿಲಿನ ದಪ್ಪದ ಗುರುತು ಮಾತ್ರ. ದರ್ಜೆ ಸಿ2 ಅಥವಾ ಸಿ3, ನಿನ್ನ ಮ್ಯಾನ್ಯುವಲ್ ಯಾವುದು ಹೇಳುತ್ತದೋ ಅದೇ ಇರಬೇಕು. ಅವು ಬೂದಿ ಕಡಿಮೆ ಬಿಡುವ ಆಯಿಲ್‌ಗಳು. ಮಸಿ ಸುಟ್ಟು ಹೋಗುತ್ತದೆ, ಆಯಿಲಿನ ಬೂದಿ ಮಾತ್ರ ಜರಡಿಯಲ್ಲೇ ಉಳಿಯುತ್ತದೆ.

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಕೂರುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡ, ಖಾಲಿ ಜಾಗದ ತೇವವೇ ನೀರಾಗುತ್ತದೆ. ದಿನಾ ಲೋಡು ಇಳಿಯುವ, ಜನ ಹೋಗುವ ಬಂಕಿನಲ್ಲೇ ಹಾಕಿಸು. ನೀರಿನ ಲೈಟ್ ಹತ್ತಿದರೆ “ನಾಳೆ ನೋಡೋಣ” ಬೇಡ. ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿಗೂ ಅದನ್ನು ಸಿಂಪಡಿಸುವ ಇಂಜೆಕ್ಟರಿಗೂ ಡೀಸೆಲೇ ಎಣ್ಣೆ. ಅವುಗಳೊಳಗೆ ನೀರು ಹೊಕ್ಕರೆ ತುಕ್ಕು ಹಿಡಿದು ದೊಡ್ಡ ಖರ್ಚು ತರುತ್ತವೆ.

ಇನ್ನು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುವ ವಸ್ತು. ಡಾಟ್ 4 ಆಯಿಲ್ ಹೊಸದಿರುವಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಕುಡಿದ ಮೇಲೆ ಅದು 155ರವರೆಗೂ ಇಳಿಯಬಹುದು. ಆಗುಂಬೆಯ 14 ತಿರುವನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಕಾದು, ಒಳಗಿನ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸು. ಹಳೇ ಮಾಲೀಕ ಬದಲಿಸಿದ ಬಿಲ್ ಇಲ್ಲದಿದ್ದರೆ ಈ ತಿಂಗಳೇ ಬದಲಿಸಿಬಿಡು. ಘಟ್ಟ ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿ, ತಿರುವುಗಳಲ್ಲಿ ಎರಡನೆಯದು. ಗಾಡಿ ವೇಗ ಹಿಡಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡು, ಸುಮ್ಮನೆ ಸವರುತ್ತಾ ಇರಬೇಡ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಜಾಗ ಇರುವಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡು. ನೀರು ಹೊಯ್ಯಬೇಡ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಮಳೆಗೆ ಮೊದಲು ನಾಲ್ಕೂ ಚಕ್ರ ಬಿಚ್ಚಿಸಿ ಕ್ಯಾಲಿಪರ್ ಪಿನ್ನುಗಳನ್ನು ಒರೆಸಿ ಅದಕ್ಕೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿಸು. ಕೆಂಪು ಮಣ್ಣು ಹೊಕ್ಕು ಪಿನ್ ಹಿಡಿದುಕೊಂಡರೆ ಒಂದೇ ಕಡೆಯ ಪ್ಯಾಡ್ ಸವೆದು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಪ್ಯಾಡ್ 3 ಮಿಲಿಮೀಟರಿಗೆ ಬಂದಿದ್ದರೆ ಮಳೆಗಾಲಕ್ಕೆ ಉಳಿಸಿಕೊಳ್ಳಬೇಡ. ರಾತ್ರಿ ಮಳೆಗೆ ನಿಂತ ಗಾಡಿ ಬೆಳಿಗ್ಗೆ ಹೊರಡುವಾಗ ಕರಕರ ಅಂದರೆ ಹೆದರಬೇಡ. ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಆದರೆ ಕೈಬ್ರೇಕ್ ಎಳೆದು ಎರಡು ಮೂರು ದಿನ ನೆನೆಯಲು ಬಿಟ್ಟರೆ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಅಂಗಳದಲ್ಲಿ ನಿಲ್ಲಿಸುವಾಗ ಮೊದಲ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡು.

ಇಲಿ. ನಗಬೇಡ, ಮಲೆನಾಡಿನಲ್ಲಿ ಇದೂ ಇಂಜಿನ್ ಕಾಯಿಲೆಯೇ. ಹೊರಗೆ ಚಳಿ ಮಳೆ, ಬಾನೆಟ್ ಅಡಿ ಬೆಚ್ಚಗೆ ಕತ್ತಲೆ. ಬಾನೆಟ್ ತೆಗೆದಾಗ ಅಡಿಕೆ ಚೂರು, ಹಿಕ್ಕೆ, ಬಟ್ಟೆ ತುಂಡು ಕಂಡರೆ ಬಾಡಿಗೆದಾರ ಬಂದಿದ್ದಾನೆ ಅಂತ ತಿಳಿ. ಹಿಂಡಿ, ಭತ್ತ ಇರುವ ಕೊಟ್ಟಿಗೆಯ ಪಕ್ಕ ನಿಲ್ಲಿಸಬೇಡ. ಶೆಡ್ಡಿನಲ್ಲಿದ್ದರೆ ರಾತ್ರಿ ಬಾನೆಟ್ ತೆರೆದಿಡು, ಕತ್ತಲೆಯೂ ಬಿಸಿಯೂ ಇಲ್ಲದಿದ್ದರೆ ಇಲಿ ಗೂಡು ಕಟ್ಟುವುದು ಕಡಿಮೆ. ಹೊಗೆಸೊಪ್ಪಿನ ಕಟ್ಟು ಇಡುವುದಾದರೆ ಬೆಲ್ಟಿಗೂ ಬಿಸಿ ಪೈಪಿಗೂ ದೂರ ಕಟ್ಟು, ವಾಸನೆ ಹೋದಂತೆ ಬದಲಿಸು. ಒಳಗೆ ಗಾಳಿ ಹೋಗುವ ಬಾಯಿಗೆ ಸ್ಟೀಲ್ ಜಾಲರಿ ಹಾಕಿಸು. ವಿಷ ಇಡಬೇಡ, ತಿಂದ ಇಲಿ ಬ್ಲೋವರ್ ಒಳಗೆ ಹೋಗಿ ಸತ್ತರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕಾಗುತ್ತದೆ.

ನೀರು ಒಳಗೆ ಬರುವುದಕ್ಕೆ ಮೂರು ದಾರಿ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೆಳಗಿನ ಜಾಗಕ್ಕೆ ಎಲೆ ತುಂಬಿ ನೀರು ಕಟ್ಟುವುದು ಒಂದು. ವಾರಕ್ಕೊಮ್ಮೆ ಕೈಹಾಕಿ ತೆಗೆದರೆ ಮುಗಿಯಿತು. ಎಸಿ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು ಮುಂದಿನ ಮ್ಯಾಟ್ ಒದ್ದೆಯಾಗುವುದು ಎರಡನೆಯದು. ಎಸಿ ಓಡುತ್ತಿದ್ದರೂ ಗಾಡಿಯ ಕೆಳಗೆ ನೀರು ತೊಟ್ಟಿಕ್ಕದಿದ್ದರೆ ಅನುಮಾನಪಡು. ಮೂರನೆಯದು ಸನ್‌ರೂಫ್. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬದೊಳಗೆ ಇಳಿದು ಕೆಳಗೆ ಬರುತ್ತವೆ. ಸನ್‌ರೂಫ್ ತೆರೆದು ಮೂಲೆಗೆ ಅರ್ಧ ಲೋಟ ನೀರು ನಿಧಾನ ಹೊಯ್ಯಿ, ಚಕ್ರದ ಹತ್ತಿರ ತೊಟ್ಟಿಕ್ಕಿದರೆ ಸರಿ. ಕಟ್ಟಿದ್ದರೆ ಕಬ್ಬಿಣದ ತಂತಿ ತೂರಿಸಬೇಡ, ಜೋರು ಗಾಳಿಯನ್ನೂ ಹೊಡೆಸಬೇಡ. ಕೊಳವೆ ಒಳಗೇ ಕಳಚಿಕೊಂಡರೆ ಮೇಲ್ಛಾವಣಿ ಬಿಚ್ಚಬೇಕು. ವೀಡ್ ಕಟರ್‌ನ ನೈಲಾನ್ ದಾರ ಇದೆಯಲ್ಲ, ಅದನ್ನು ಮೀಟರ್ ಉದ್ದ ಕತ್ತರಿಸಿ ತುದಿ ದುಂಡಗೆ ಮಾಡಿ ಮೆಲ್ಲಗೆ ಆಡಿಸು.

ಒಳಗೆ ಬೂಷ್ಟು ಹಿಡಿಯುವುದು ಈ ತೇವಕ್ಕೇ. ಬಿಸಿಲು ಕಂಡ ದಿನ ನಾಲ್ಕೂ ಬಾಗಿಲು ತೆರೆದು ಮ್ಯಾಟ್ ಹೊರಗೆ ಹಾಕು. ಇಳಿಯುವ ಮೂರು ನಾಲ್ಕು ನಿಮಿಷ ಮೊದಲೇ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿದರೆ ಹುಳಿ ವಾಸನೆ ಕಡಿಮೆಯಾಗುತ್ತದೆ. ಕ್ಯಾಬಿನ್ ಫಿಲ್ಟರ್ ಹೆಚ್ಚಿನ ಗಾಡಿಗಳಲ್ಲಿ ಗ್ಲೌಬಾಕ್ಸ್ ಹಿಂದಿರುತ್ತದೆ, ಉಪಕರಣವೇ ಬೇಡ, ದೀಪಾವಳಿಗೆ ನೀನೇ ಬದಲಿಸು. ಗಾಜು ಮಂಜಾದರೆ ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡ; ಎಸಿ ಆನ್, ಹೊರಗಿನ ಗಾಳಿ ಆನ್, ಗಾಳಿ ಮುಂದಿನ ಗಾಜಿಗೆ.

ಟೈರ್ ಕಾನೂನಿಗೆ 1.6 ಮಿಲಿಮೀಟರ್ ಇದ್ದರೆ ಸಾಕು, ನಮ್ಮ ಮಳೆಗೆ ಸಾಲದು. 3ಕ್ಕೆ ಬಂದಾಗಲೇ ಬದಲಿಸು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡು: 2321 ಅಂದರೆ 2021ರ 23ನೇ ವಾರದಲ್ಲಿ ಆದದ್ದು. ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ, ಟೈರ್ ತಣ್ಣಗಿರುವಾಗ ಹಿಡಿಸು, ಸ್ಟೆಪ್ನಿಗೂ. ಪಂಕ್ಚರ್ ಆಗಿ ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 50–100 ಕಿಲೋಮೀಟರ್ ಓಡಿದ ನಂತರ ಇನ್ನೊಮ್ಮೆ ನೋಡು. ಇಳಿಜಾರಿನಲ್ಲಿ ಜಾಕ್ ಕೊಡಬೇಡ, ಚಕ್ರ ಹಾಳಾದರೂ ಚಿಂತೆಯಿಲ್ಲ, ಸಮತಟ್ಟಿಗೆ ತಂದು ನಿಲ್ಲಿಸು.

ಎಸ್‌ಯುವಿ ಅಂದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುವುದಿಲ್ಲ, ಮಾರಾಯ. ನಿನ್ನದು ಮುಂದಿನ ಎರಡೇ ಚಕ್ರ ಎಳೆಯುವ ಗಾಡಿ, ಜೀಪಲ್ಲ. ತೋಟದ ಕೆಸರಿನಲ್ಲಿ ಹೂತರೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ಹಿಂದೆ ಮುಂದೆ ಮೆಲ್ಲಗೆ ಆಡಿಸು. ಚಕ್ರ ಸುಮ್ಮನೆ ತಿರುಗುತ್ತಿದ್ದರೆ ಎಕ್ಸಲರೇಟರ್ ಒತ್ತಿದಷ್ಟೂ ಹೊಂಡ ಆಳ. ಸಂಕದ ಮೇಲೆ ಹಳ್ಳ ಹರಿಯುತ್ತಿದ್ದರೆ ಇಳಿಸಲೇಬೇಡ. ನಿಂತ ನೀರಾದರೂ ಅರ್ಧ ಚಕ್ರಕ್ಕಿಂತ ಮೇಲಿದ್ದರೆ ಬೇಡ. ನೀರಿನಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಬಟನ್ ಒತ್ತಬಾರದು. ಸಿಲಿಂಡರಿಗೆ ಹೋದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಇಂಥ ಹಾನಿಗೆಂದೇ ಇರುವ ಇಂಜಿನ್ ಪ್ರೊಟೆಕ್ಟ್ ಸೇರಿಸಿಕೋ.

ಮಣ್ಣು ರಸ್ತೆಯಲ್ಲಿ ಸಣ್ಣ ಗುಂಡಿಗೂ ಟಕಟಕ ಅಂದರೆ ಬಹುಶಃ ಸಸ್ಪೆನ್ಷನ್ನಿನ ಲಿಂಕ್ ರಾಡ್, ಅಗ್ಗದ ಸಾಮಾನು. ವೇಗ ಹೆಚ್ಚಿದಂತೆ ಗುಂಯ್ ಅನ್ನುವುದು ಹೆಚ್ಚಾಗಿ, ಬಲಕ್ಕೆ ತಿರುಗಿಸಿದಾಗ ಇನ್ನೂ ಜೋರಾದರೆ ಎಡಗಡೆಯ ಚಕ್ರದ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದು, ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಬೂಟ್ ಹರಿದಿದೆ. ಶಬ್ದ ಬರುವ ಮೊದಲೇ ಬೂಟ್ ಬದಲಿಸಿದರೆ ನೂರುಗಳಲ್ಲಿ ಮುಗಿಯುತ್ತದೆ. ಕೆಸರು ಹೊಕ್ಕರೆ ಇಡೀ ಜಾಯಿಂಟ್ ಸಾವಿರಗಳಲ್ಲಿ. ಇದಕ್ಕೆಲ್ಲ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಸಾಕು, ಹಳೇ ಸಾಮಾನನ್ನು ಕೈಗೆ ಕೊಡಿ ಅಂತ ಮೊದಲೇ ಹೇಳು. ಚಕ್ರದ ಗೂಡಿನ ಕೆಂಪು ಮಣ್ಣನ್ನು ವಾರಕ್ಕೊಮ್ಮೆ ಪೈಪ್ ಹಿಡಿದು ತೊಳೆ, ಇಂಜಿನ್ ಮೇಲೆ ಮಾತ್ರ ಪ್ರೆಷರ್ ನೀರು ಬೇಡ.

ಅಡಿಕೆ ಮೂಟೆ ಹೇರುವ ಯೋಚನೆ ಇದ್ದರೆ ಈಗಲೇ ಬಿಡು. ಅದಕ್ಕೆ ಪಿಕಪ್ ಇದೆ.

ಬ್ಯಾಟರಿಗೆ ಎಷ್ಟು ವರ್ಷವಾಯಿತು ನೋಡು. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಸಿಗ್ನಲ್ಲಿನಲ್ಲಿ ಇಂಜಿನ್ ತಾನೇ ಆಫ್ ಆಗುವ ಗಾಡಿ ನಿನ್ನದು, ಹಾಗಾಗಿ ಸಾಧಾರಣ ಬ್ಯಾಟರಿ ಹಾಕಿಸಬೇಡ, ಈಗಿರುವ ಜಾತಿಯದ್ದೇ ಬೇಕು. ಜಂಪ್ ಕೊಡುವಾಗ ಕಪ್ಪು ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಸಿಕ್ಕಿಸದೆ, ಅದೇ ಗಾಡಿಯ ಇಂಜಿನ್ನಿನ ಬರಿ ಲೋಹಕ್ಕೆ ಸಿಕ್ಕಿಸು. ಕೀಲಿಯ ಸೆಲ್ ಹೋದರೆ ಕೀಲಿಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತು, ಹೆಚ್ಚಿನ ಗಾಡಿಗಳು ಏಳುತ್ತವೆ.

ಹೊಗೆ ಸರ್ಟಿಫಿಕೇಟ್ ವರ್ಷಕ್ಕೊಮ್ಮೆ, ಆರ್‌ಸಿ ನಿನ್ನ ಹೆಸರಿಗೆ ಬೇಗ. ಬರುವ ಭಾನುವಾರ ಗಾಡಿ ತಗೊಂಡೇ ಬಾ, ಬ್ರೇಕ್ ಆಯಿಲ್ ಕೆಲಸ ಇಲ್ಲೇ ಮಾಡಿಸೋಣ. ಹಳೇ ಮಾಲೀಕನ ಸರ್ವೀಸ್ ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಬಾ. ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ