ಪುಟ್ಟಿಗೆ, ಹೊಸ ಆಲ್ಬಮ್ಮಿನ ವಿಷಯವಾಗಿ

ಮಾಟುಂಗಾ, ಮುಂಬಯಿ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮಗ್ಗ, ತಂಬೂರಿಗಳ ಸದ್ದನ್ನು ಸಿಂಥಸೈಸರಿನ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಜೊತೆ ಬೆರೆಸಿ ಪುಣೆಯಿಂದ ನೀನು ಕಳುಹಿಸಿದ ಆಲ್ಬಮ್ಮಿನ ಕರಡನ್ನು ಹೆಡ್‌ಫೋನಿನಲ್ಲೂ ಸ್ಪೀಕರಿನಲ್ಲೂ ಕೇಳಿದೆ. ಇದೂ ಸಂಗೀತವೇ ಎಂದು ನಿನ್ನ ದೊಡ್ಡಮ್ಮ ಕೇಳಿದಳು. ಧ್ವನಿಮುದ್ರಣದ ಕೋಣೆಯಲ್ಲೇ ತಲೆ ನೆರೆತ ನನಗೆ ಆ ಸಂಶಯವಿಲ್ಲ. ನನ್ನ ತಕರಾರು ಒಂದೇ. ಹೊರಗಿನಿಂದ ತಂದ ಸದ್ದುಗಳನ್ನು ನೀನು ಕಂಪ್ಯೂಟರಿನ ಅಳತೆಗೆ ಬಗ್ಗಿಸುತ್ತಿದ್ದೀಯೆ, ಬಗ್ಗಬೇಕಾದದ್ದು ಕಂಪ್ಯೂಟರು.

ಭಿವಂಡಿಯ ಪವರ್‌ಲೂಮಿನ ತುಣುಕನ್ನೇ ನೋಡು. ನೀನು ಮೊದಲು ಕೇಳಿಸಿದ್ದ ಮೂಲ ಧ್ವನಿಯಲ್ಲಿ ಲಾಳಿ ಎಡಕ್ಕೆ ಬಡಿದಾಗ ಸದ್ದು ಗಟ್ಟಿ, ಬಲಕ್ಕೆ ಬಡಿದಾಗ ಮಂದ, ಜೊತೆಗೆ ಕೂದಲೆಳೆಯಷ್ಟು ತಡ. ಆ ಕುಂಟುನಡೆಯೇ ಅದರ ಲಯ. ಈಗ ಕ್ವಾಂಟೈಸ್ ಮಾಡಿ, ಅಂದರೆ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನ ಸಮ ಅಂತರದ ಕಾಲದ ಗೆರೆಯ ಮೇಲೆ ಕೂರಿಸಿದ್ದರಿಂದ ಅದು ಯಾವ ಊರಿನ ಮಗ್ಗವೂ ಅಲ್ಲದಂತಾಗಿದೆ. ಮಗ್ಗದ ಪೆಟ್ಟುಗಳನ್ನು ಗುರುತು ಹಾಕಿಕೊಂಡು, ಕಂಪ್ಯೂಟರಿನ ಟೆಂಪೋ, ಅಂದರೆ ತಾಳದ ವೇಗ, ಅವನ್ನು ಹಿಂಬಾಲಿಸುವಂತೆ ಮಾಡು.

ಅಜ್ಜಿಯ ಮಿರಜಿನ ತಂಬೂರಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಜವಾರಿ (ತಂತಿಗಳು ಸವರುವ ಕುದುರೆಯ ಬಾಗು) ಸರಿಯಾಗಿ ಕೂತಾಗ ಖರ್ಜದ, ಅಂದರೆ ತಗ್ಗಿನ ಷಡ್ಜದ, ತಂತಿಯೊಳಗಿಂದ ತಾನಾಗಿ ಏಳುವ ಗಾಂಧಾರವು ಷಡ್ಜದಿಂದ ಸುಮಾರು 386 ಸೆಂಟ್ (ಸಪ್ತಕದ 1200ರಲ್ಲೊಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ನಿನ್ನ ಸಿಂಥಸೈಸರಿನ ಗಾಂಧಾರವಾದರೋ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ, 400 ಸೆಂಟಿನಲ್ಲಿ ನಿಂತಿದೆ. ಕಾಳಿ ನಾಲ್ಕರ, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆಯ, ಶ್ರುತಿಯಲ್ಲಿ ಮೇಲಿನ ಸಪ್ತಕದ ಗಾಂಧಾರದ ಬಳಿ ಈ ಎರಡೂ ಸೇರಿದಾಗ ಸೆಕೆಂಡಿಗೆ ಸುಮಾರು ನಾಲ್ಕು ಸಲ ನಾದ ಅಲುಗುತ್ತದೆ. ಆ ಅಲುಗಾಟ ಬೇಕೆಂದೇ ಇಟ್ಟಿದ್ದರೆ ನನ್ನ ಆಕ್ಷೇಪವಿಲ್ಲ, ಪ್ರಯೋಗವೆಂದರೆ ಅದೂ ಹೌದು. ಆದರೆ ಅದನ್ನು ಮುಚ್ಚಲು ನೀನು ಫಿಲ್ಟರ್ ಹಾಕಿ ತಂಬೂರಿಯ ಮೇಲಿನ ನಾದಗಳನ್ನೇ ಕತ್ತರಿಸಿದ್ದೀಯೆ. ಅದರ ಬದಲು ಸಿಂಥಸೈಸರಿನ ಆ ಒಂದು ಸ್ವರವನ್ನು 14 ಸೆಂಟ್ ಇಳಿಸಿದರೆ ಸಾಕಾಗಿತ್ತು.

ಯಂತ್ರದ ನೇರ ತಾಳಕ್ಕೆ ನಾನು ವಿರೋಧಿಯೆಂದು ಭಾವಿಸಬೇಡ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪೆನಿಯ ಟಿಆರ್-808 ತಾಳಯಂತ್ರ, ಟಿಬಿ-303 ಬೇಸ್ ಯಂತ್ರ ಮತ್ತು ಜ್ಯೂಪಿಟರ್-8 ಸಿಂಥಸೈಸರ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಅಲ್ಲಿ ತಾಳ ಕದಲುವುದಿಲ್ಲ, ಅದರ ಮೇಲೆ ಸ್ವರ ಜಾರುತ್ತದೆ. ಆ ಸ್ವಾತಂತ್ರ್ಯವನ್ನು ಅವರು ಯಂತ್ರದಿಂದಲೇ ಹೊರಡಿಸಿದರು. ಆಗ ಹೆಚ್ಚು ಜನ ಕೇಳಲಿಲ್ಲ. ಆ ಆಲ್ಬಮ್ಮಿನ 2010ರ ಮರುಬಿಡುಗಡೆಯ ನಂತರ ಹೊರದೇಶದವರು ಬೆರಗಾದರು. ಆದ್ದರಿಂದ ಈ ವರ್ಷವೇ ಬಿಡುಗಡೆಯಾಗಬೇಕೆಂಬ ನಿನ್ನ ಅವಸರ ನನಗೆ ಅರ್ಥವಾಗುವುದಿಲ್ಲ.

ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುನ್ನಿನ ಕೊನೆಯ ಹದಗೊಳಿಸುವಿಕೆಯಲ್ಲಿ) ಸದ್ದು ಏರಿಸುವ ಗೋಜಿಗೂ ಹೋಗಬೇಡ. ಜೋರು ಹೆಚ್ಚಾದರೆ ಹಲವು ಸ್ಟ್ರೀಮಿಂಗ್ ಸೇವೆಗಳು ತಾವೇ ತಗ್ಗಿಸುತ್ತವೆ.

ಮುಂದಿನ ಸಲ ಮಿಕ್ಸ್ ಆದದ್ದನ್ನು ಕಳುಹಿಸದೆ ಮಗ್ಗ, ತಂಬೂರಿ, ಸಿಂಥಸೈಸರ್ ಮೂರನ್ನೂ ಫಿಲ್ಟರಿಲ್ಲದೆ ಬೇರೆ ಬೇರೆ ಕಡತಗಳಾಗಿ ಕಳುಹಿಸು. ನಾನೂ ಕೂತು ನೋಡುತ್ತೇನೆ.

ಇತಿ ನಿನ್ನ
ದೊಡ್ಡಪ್ಪ