ಕರಡಿ ಬೇಟೆಯ ಜೊತೆಗೆ ಕಸದ ಡಬ್ಬಿಯತ್ತಲೂ ಗಮನವಿರಲಿ

ಮಾನ್ಯ ಸಂಪಾದಕರೆ,

ಅಮೆರಿಕದ ನ್ಯೂಜೆರ್ಸಿಯಲ್ಲಿ ನಿಂತುಹೋಗಿದ್ದ ಕಪ್ಪು ಕರಡಿ ಬೇಟೆ 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾದಾಗ, ಊರಿನ ಬಂಧುಗಳು ಅದನ್ನು ಕ್ರೌರ್ಯವೆಂದೇ ಕರೆದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೆಂದರೆ ಅಪರಾಧವೆಂದೇ ತಿಳಿದು ಬೆಳೆದ ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಇಲ್ಲಿ ಪರವಾನಗಿ, ನಿಗದಿತ ಅವಧಿಯ ಜೊತೆಗೆ, ಕೊಂದ ಪ್ರತಿ ಕರಡಿಯನ್ನೂ ತಪಾಸಣಾ ಕೇಂದ್ರಕ್ಕೆ ಒಯ್ದು ತೋರಿಸಬೇಕೆಂಬ ಕಟ್ಟುಪಾಡೂ ಇದೆ.

ಜಿಂಕೆ ಬೇಟೆ ಬೇಕೆಂಬುದರಲ್ಲಂತೂ ನನಗೆ ಅನುಮಾನವಿಲ್ಲ. ತೋಳಗಳು ಎಂದೋ ಅಳಿದುಹೋದ ಈ ನಾಡಿನಲ್ಲಿ ಜಿಂಕೆಗಳು ಹಿತ್ತಲಿಗೇ ಬಂದು, ನಾನು ಹಾಕಿದ್ದ ಹುರುಳಿಕಾಯಿ ಬಳ್ಳಿಯನ್ನು ಬುಡದವರೆಗೆ ಮೇಯ್ದಿವೆ. ರಸ್ತೆಯಲ್ಲಿ ಕಾರಿಗೆ ಸಿಕ್ಕಿ ನರಳಿ ಸಾಯುವುದಕ್ಕಿಂತ ನುರಿತವರ ಬಾಣವೇ ಮೇಲು.

ಕರಡಿಯ ಮಾತು ಬೇರೆ. ಬೇಟೆ ನಡೆಯುವುದು ಕಾಡಿನಲ್ಲಿ. ಕಸದ ಗಾಡಿ ಬರುವ ಹಿಂದಿನ ರಾತ್ರಿ ನಮ್ಮ ಬೀದಿಯ ಡಬ್ಬಿ ಉರುಳಿಸಿ ಅನ್ನ, ಮಾವಿನ ಸಿಪ್ಪೆ ನೆಕ್ಕುವ ಕರಡಿಯೇ ಅಲ್ಲಿ ಗುಂಡಿಗೆ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕರಡಿ ತೆರೆಯಲಾಗದ ಡಬ್ಬಿಗಳನ್ನು ಕಾಡಂಚಿನ ಬಡಾವಣೆಗಳಲ್ಲೆಲ್ಲ ಕಡ್ಡಾಯಗೊಳಿಸಿದ ಮೇಲೆಯೇ ಬೇಟೆಯ ಪ್ರಮಾಣವನ್ನು ನಿರ್ಧರಿಸಬೇಕು.

– ಓದುಗ, ನ್ಯೂಜೆರ್ಸಿ