ಹೀಟ್ ಪಂಪ್ ಸರ್ವೀಸ್ ಶುಲ್ಕ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಮುಂದಿನ ತಿಂಗಳಿಂದ ನೀರು ಕಾಯಿಸುವ ಹೀಟ್ ಪಂಪ್ ಸರ್ವೀಸ್‌ಗೆ ವರ್ಷಕ್ಕೆ 1,200 ರೂಪಾಯಿ ತೆಗೆದುಕೊಳ್ಳುತ್ತೇವೆ. ಇಷ್ಟು ದಿನ ಪುಕ್ಕಟೆ ಮಾಡುತ್ತಿದ್ದೆವು. ಸೋಲಾರ್‌ನವರಿಗೆ ಏನೂ ಬದಲಾವಣೆ ಇಲ್ಲ.

"ವಾರಂಟಿ ಇದೆಯಲ್ಲ, ಮತ್ತೆ ಯಾಕೆ ದುಡ್ಡು?" ಎಂದು ಕೇಳುತ್ತೀರಿ. ವಾರಂಟಿ ಕಂಪನಿಯದು, ಅದೂ ಮಷೀನಿಗೆ. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು ಕಡೆಯ ತೋಟದ ಮನೆಗೆ ಹೋಗಿ ಬರಲು ನಮ್ಮ ಹುಡುಗರಿಗೆ ಅರ್ಧ ದಿನ ಬೇಕು. ಪೆಟ್ರೋಲ್ ನಮ್ಮದು, ಊಟ ನಮ್ಮದು. ಧೂಳು, ಜೇಡರ ಬಲೆ ತೆಗೆಯಬೇಕು, ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ರಾಡ್ ಸವೆದಿದೆಯಾ ನೋಡಬೇಕು. ಇದಕ್ಕೆಲ್ಲ ಕಂಪನಿಯಿಂದ ನಮಗೆ ಒಂದು ರೂಪಾಯಿಯೂ ಬರುವುದಿಲ್ಲ. ಮಳೆಗಾಲದಲ್ಲಿ ವೋಲ್ಟೇಜ್ ಏರುಪೇರಾಗಿ ಬೋರ್ಡ್ ಸುಟ್ಟರೆ ಬೈಸಿಕೊಳ್ಳುವವರು ಮಾತ್ರ ನಾವೇ.

ಇನ್ನು ದಿನಾ ಕೇಳುವ ಮಾತು: "ಕರೆಂಟ್ ಬಿಲ್ ಇಳಿಯುತ್ತೆ ಅಂದ್ರಿ, ಇಳಿದೇ ಇಲ್ಲ."

ಲೆಕ್ಕ ನೋಡಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಕಾಯಿಸಲು ಮೂರೂವರೆ ಯೂನಿಟ್‌ನಷ್ಟು ಶಾಖ ಬೇಕೇ ಬೇಕು. ಕರೆಂಟ್ ಗೀಸರ್‌ನಲ್ಲಿ ನೀರು ನಿಂತು ಆರುವುದೂ ಸೇರಿ 4 ಯೂನಿಟ್. ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 28 ರೂಪಾಯಿ. ಗ್ಯಾಸ್ ಗೀಸರ್‌ಗೆ ಒಂದು ಕೆಜಿಯ ಮೂರನೇ ಒಂದು ಭಾಗ ಗ್ಯಾಸ್ ಸಾಕು. 14.2 ಕೆಜಿ ಸಿಲಿಂಡರ್‌ಗೆ 900 ಅಂದುಕೊಂಡರೆ 21 ರೂಪಾಯಿ. ಹೀಟ್ ಪಂಪ್ ಗಾಳಿಯಲ್ಲಿರುವ ಶಾಖವನ್ನೇ ಎಳೆದು ನೀರಿಗೆ ಕೊಡುತ್ತದೆ. ಅದಕ್ಕೆ ಸುಮಾರು 1.3 ಯೂನಿಟ್, ಅಂದರೆ 9 ರೂಪಾಯಿ. ದಿನಕ್ಕೆ 200 ಲೀಟರ್ ಬಳಸುವ ಮನೆಗೆ ಕರೆಂಟ್ ಗೀಸರ್‌ಗಿಂತ ತಿಂಗಳಿಗೆ ಸಾವಿರದ ಮೇಲೆ ಉಳಿಯುತ್ತದೆ. ನಮ್ಮ ವರ್ಷದ ಶುಲ್ಕ ಹೆಚ್ಚುಕಡಿಮೆ ಅಷ್ಟೇ.

ಆದರೆ ಬಚ್ಚಲ ಹಂಡೆಗೆ ತೋಟದ ಕಟ್ಟಿಗೆ ಹಾಕುತ್ತಿದ್ದವರಿಗೆ ಯೂನಿಟ್ ಏರಲೇಬೇಕು, ಅಲ್ವಾ? ಇದೇ 200 ಲೀಟರ್‌ಗೆ ತಿಂಗಳಿಗೆ 80 ಯೂನಿಟ್ ಹತ್ತಿರ. ಮನೆಯ ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳು ಗೃಹಜ್ಯೋತಿಯೂ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮೊದಲೇ ಗೃಹಜ್ಯೋತಿಯ ಲೆಕ್ಕದೊಳಗೆ ಗೀಸರ್ ಓಡಿಸುತ್ತಿದ್ದವರಿಗೆ ಉಳಿತಾಯವೇ ಇಲ್ಲ. ಇದನ್ನು ಮಾರುವಾಗಲೇ ಹೇಳಬೇಕಿತ್ತು. ಹೇಳಲಿಲ್ಲ, ತಪ್ಪು ನಮ್ಮದು. ಈಗ ಬಿಲ್ ನೋಡದೆ ಯಾರಿಗೂ ಮಾರುತ್ತಿಲ್ಲ. ಈ ತಿಂಗಳು ಇಬ್ಬರನ್ನು "ನಿಮಗೆ ಬೇಡ" ಎಂದು ವಾಪಸ್ ಕಳಿಸಿದ್ದೇವೆ.

ಎಲ್ಲ ತಪ್ಪೂ ನಮ್ಮದಲ್ಲ. ಮೊನ್ನೆ ಹಿರಿಯರೊಬ್ಬರು ಬಿಲ್ ತಂದು ಟೇಬಲ್ ಮೇಲೆ ಬಡಿದರು. ಮನೆಗೆ ಹೋಗಿ ನೋಡಿದರೆ ಮಷೀನಿನಲ್ಲಿ ಹೀಟರ್ ದೀಪ ಉರಿಯುತ್ತಿತ್ತು. ರಜೆಗೆ ಬಂದ ಮೊಮ್ಮಗ ನೀರು ಬೇಗ ಕಾಯಲಿ ಎಂದು ಒತ್ತಿದ್ದಂತೆ. ಎರಡು ತಿಂಗಳು ಗಾಳಿಯ ಶಾಖ ಬಿಟ್ಟು ಒಳಗಿನ ಕರೆಂಟ್ ಕಾಯಿಲ್ ಒಂದೇ ನೀರು ಕಾಯಿಸಿತ್ತು. ಅಲ್ಲಿಗೆ ಅದು ಬರೀ ಗೀಸರ್! ಆ ದೀಪ ಸುಮ್ನೆ ಉರಿಯುತ್ತಿದೆಯಾ ಎಂದು ಇವತ್ತೇ ನೋಡಿ.

ಇನ್ನೊಂದು ತಪ್ಪು ಮಾತ್ರ ನಮ್ಮದೇ. ನಮ್ಮ ಹುಡುಗರು ಮೂರ್ನಾಲ್ಕು ಮನೆಗಳಲ್ಲಿ ಮಷೀನನ್ನು ಮುಚ್ಚಿದ ಕಟ್ಟಿಗೆ ಕೋಣೆಯೊಳಗೆ ಕೂರಿಸಿದ್ದಾರೆ. ಅದು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಕರೆಂಟ್ ಜಾಸ್ತಿ ತಿನ್ನುತ್ತದೆ. ಅವನ್ನು ನಮ್ಮ ಖರ್ಚಿನಲ್ಲೇ ಹೊರಗೆ ಹಾಕಿಕೊಡುತ್ತೇವೆ.

ಇನ್ನೂ ಅನುಮಾನ ಇದ್ದರೆ ಹಳೆಯ ಬಿಲ್, ಹೊಸ ಬಿಲ್ ಎರಡೂ ಹಿಡಿದು ಅಂಗಡಿಗೆ ಬನ್ನಿ. ನಾನೇ ಕೂತು ಲೆಕ್ಕ ಹಾಕಿ ಹೇಳುತ್ತೇನೆ. ಬುಧವಾರ ಮಾತ್ರ ಬೇಡ, ಅವತ್ತು ಸಂತೆ.

ನಿಮ್ಮ ಅಂಗಡಿಯವ